ಮೆಡಿಟರೇನಿಯನ್ನಿನಲ್ಲಿ ಬಿಟ್ಟದ್ದು

ಅತ್ತೆಯ ಕೋಟು ತೆಗೆಯಲು ಬಾಗಿಲ ಪಕ್ಕದ ಕ್ಲಾಸೆಟ್ಟಿಗೆ ಕೈಹಾಕಿದಾಗಲೆಲ್ಲ ಪ್ರಭಾ ತನ್ನ ಕಣ್ಣು ಮೇಲಿನ ಹಲಗೆಯತ್ತ ಹೋಗದಂತೆ ಹಿಡಿದುಕೊಳ್ಳುತ್ತಿದ್ದಳು. ಇವತ್ತೂ ಹಾಗೇ ಮಾಡಿದಳು. ಆ ಹಲಗೆಯ ಮೇಲೆ, ಮಡಿಸಿಟ್ಟ ಕಂಬಳಿಗಳ ಹಿಂದೆ, ಶಿವರಾಮು ಇದ್ದ. ಕಪ್ಪು ಪ್ಲಾಸ್ಟಿಕ್ಕಿನ ಒಂದು ಡಬ್ಬಿ, ಅದರ ಮೇಲೆ ಅವನ ಹೆಸರು. ಫೆಬ್ರವರಿಯ ಮಳೆಯಲ್ಲಿ, ಏರ್‌ಪೋರ್ಟಿನ ಹತ್ತಿರದ ಫ್ರೀವೇಯಲ್ಲಿ ಅವನ ಕಾರು ಮಗುಚಿಕೊಂಡ ಮೇಲೆ ಉಳಿದದ್ದು ಅಷ್ಟು. ಕೋಟೂ ಅವನದೇ. ಅತ್ತೆ ತಾಯಮ್ಮ ಹತ್ತಿಯ ಸೀರೆಯ ಮೇಲೆ ಮಗನ ಕೋಟು ತೊಟ್ಟು, ತೋಳು ಬೆರಳ ತುದಿಯನ್ನೂ ಮುಚ್ಚಿರಲು, ಶಾಲೆಗೆ ಹೊರಟ ಮಗುವಿನ ಹಾಗೆ ಕತ್ತೆತ್ತಿ ನಿಂತರು. ಪ್ರಭಾ ಒಂದೊಂದೇ ಗುಂಡಿ ಹಾಕಿದಳು.

"ಎಷ್ಟೊತ್ತು ಇರ್ಬೇಕು ಅವರ ಮನೇಲಿ?"

"ಬೇಗ ಬಂದುಬಿಡೋಣ ಅತ್ತೆ."

"ಬ್ಯಾಡ. ನಿಧಾನಕ್ಕೆ ನೋಡ್ಬೇಕು. ಇನ್ನೇನು ಶನಿವಾರ ನಾನು ವಿಮಾನ ಹತ್ತೋಳು. ಅದನ್ನ ನೋಡ್ದಲೇ ಹೋದ್ರೆ ಬಂದೂ ಬರ್ದಂಗೆ."

ಅದು ಎಂದರೆ ಯಾವುದು ಎಂದು ಇಬ್ಬರೂ ಹೇಳಲಿಲ್ಲ. ಕಾರಿನಲ್ಲಿ ಸೀಟ್‌ಬೆಲ್ಟು ಹಾಕುವಾಗ ಅತ್ತೆಯ ತಲೆಯಿಂದ ಹರಳೆಣ್ಣೆಯ ವಾಸನೆ ಬಂತು. ಹಾಸನದಿಂದ ಸೀಸೆಯಲ್ಲಿ ತಂದ ಎಣ್ಣೆ. ಪ್ರಭಾ ಫ್ರೀವೇ ಹತ್ತಿದಳು. ದಿನವೂ ಲ್ಯಾಬಿಗೆ ಹೋಗಿಬರುವ ದಾರಿ ಇದು, ಆ ಜಾಗ ದಾಟಿಯೇ ಹೋಗಬೇಕು. ಮೊದಮೊದಲು ಉಸಿರು ಬಿಗಿಹಿಡಿಯುತ್ತಿದ್ದಳು, ಈಗ ಅಲ್ಲಿಗೆ ಬಂದಾಗ ಹಾಲು ಮುಗಿದಿದೆ, ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಲು ಚಿಲ್ಲರೆ ಬೇಕು ಎಂದೆಲ್ಲ ನೆನಪಾಗುತ್ತದೆ. ಅತ್ತೆಗೆ ಆ ಜಾಗವನ್ನು ತೋರಿಸಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ನೀರು. ಬಂದ ವಾರದಲ್ಲೇ ಒಂದು ದಿನ ಕೊಲ್ಲಿಯಾಚೆಯ ಸಾಸಲೀಟೋಗೆ ಫೆರಿಯಲ್ಲಿ ಕರೆದುಕೊಂಡು ಹೋದಾಗ, ತಾಯಮ್ಮ ಕಂಬಿ ಹಿಡಿದು ನಿಂತು, "ಇದೇನಾ?" ಎಂದಿದ್ದರು. "ಅಲ್ಲ ಅತ್ತೆ, ಅದು ಬೇರೆ ಸಮುದ್ರ. ಇಲ್ಲಿಂದ ತುಂಬ ದೂರ." ಅವರು ಕೊಲ್ಲಿಯ ಈ ತುದಿಯಿಂದ ಆ ತುದಿಯವರೆಗೂ ಕಣ್ಣಾಡಿಸಿ ಹೇಳಿದರು: "ಇಲ್ಲೇ ಇಷ್ಟೊಂದು ನೀರು ಬಿದ್ದೈತೆ. ಅಲ್ಲಿಗಂಟ ಯಾಕೆ ಹೊತ್ಕೊಂಡು ಹೋದ್ರಿ?" ಗಾಳಿಗೆ ಕೇಳಿಸಲಿಲ್ಲವೆಂಬಂತೆ ಪ್ರಭಾ ಸೆರಗು ಸರಿಮಾಡಿಕೊಂಡಿದ್ದಳು.

ಯಾರೂ ಏನನ್ನೂ ಹೊತ್ತುಕೊಂಡು ಹೋಗಿರಲಿಲ್ಲ. ಗ್ರೀಸಿನ ದ್ವೀಪಗಳಿಗೆ ಹೋಗುವುದೆಂದು ಗೆಳೆಯ ರಘೋತ್ತಮ, ಅವನ ಹೆಂಡತಿ ಮೈಥಿಲಿ, ಶಿವರಾಮು, ಪ್ರಭಾ ಹಿಂದಿನ ದೀಪಾವಳಿಯಲ್ಲೇ ಮಾತಾಡಿಕೊಂಡಿದ್ದರು, ಟಿಕೆಟ್ಟುಗಳೂ ಬಂದಿದ್ದವು. ಜೂನ್ ಬರುವ ಹೊತ್ತಿಗೆ ಪ್ರಭಾ ಮಾತಿಲ್ಲದೆ ಕೆಲಸಕ್ಕೆ ಹೋಗಿ, ಮಾತಿಲ್ಲದೆ ಬಂದು, ದೀಪ ಹಾಕದೆ ಕೂತಿರುವುದನ್ನು ನೋಡಲಾರದೆ ಮೈಥಿಲಿ ಅವಳ ಬಟ್ಟೆಗಳನ್ನು ತಾನೇ ಸೂಟ್‌ಕೇಸಿಗೆ ತುಂಬಿದ್ದಳು. ಹೊರಡುವ ಹಿಂದಿನ ದಿನ ಹಾಸನದಿಂದ, ಭಾವ ಸಿದ್ದರಾಜುವಿನ ಅಂಗಡಿಯಿಂದ ಫೋನು. ಗೊರಗೊರ ಸದ್ದಿನ ನಡುವೆ ಅತ್ತೆಯ ದನಿ: "ಆ ಬೂದೀನ ಏನ್ ಮಾಡ್ದೆ ಕಣವ್ವ?" ಪಕ್ಕದಲ್ಲೇ ನಿಂತಿದ್ದ ರಘೋತ್ತಮ ಪ್ರಭಾಳ ಕೈಯಿಂದ ಫೋನು ತೆಗೆದುಕೊಂಡು, "ಅಮ್ಮ, ನೀವೇನೂ ಚಿಂತೆ ಮಾಡ್ಬೇಡಿ. ನಾಳೆ ನಾವೆಲ್ಲ ಅದಕ್ಕೇ ಹೊರಟಿದೀವಿ. ದೊಡ್ಡ ಸಮುದ್ರ. ಶಾಸ್ತ್ರೋಕ್ತವಾಗಿ ಬಿಡ್ತೀವಿ" ಎಂದುಬಿಟ್ಟ. ಫೋನು ಇಟ್ಟ ಮೇಲೆ ಪ್ರಭಾಳ ಕಡೆ ತಿರುಗಿ, ಒಳ್ಳೆಯ ಕೆಲಸ ಮಾಡಿದ ಹುಡುಗನ ಹಾಗೆ ನಕ್ಕ. "ಇನ್ನೇನು ಹೇಳೋದು, ಗಂಡ ಹೋಗಿ ನಾಲ್ಕು ತಿಂಗಳಿಗೆ ಸೊಸೆ ಟೂರಿಗೆ ಹೋಗ್ತಿದಾಳೆ ಅಂತ ಹೇಳೋಕಾಗತ್ತಾ?"

ಬೂದಿ ಎನ್ನುವುದೇ ಮೊದಲು ಅವನ ತಪ್ಪು. ತಪ್ಪು ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಆ ವಾರ ಎಲ್ಲವನ್ನೂ ಅವನೇ ಓಡಾಡಿ ಮಾಡಿದ್ದ. ಫ್ಯೂನರಲ್ ಹೋಮಿನವರು ಏನು ಮಾಡಬೇಕೆಂದು ಕೇಳಿದಾಗ, ಇದೂ ಒಂದು ಪ್ರಶ್ನೆಯೇ ಎಂಬಂತೆ, ಹಿಂದೂಗಳು, ದಹನ ಎಂದಿದ್ದ. ಪಂಚೆ ಉಟ್ಟು, ಪುರೋಹಿತರು ಸಿಗದೆ ಕ್ಯಾಸೆಟ್ಟಿನಲ್ಲಿ ಮಂತ್ರ ಹಾಕಿದ್ದ. ಕ್ಯಾಸೆಟ್ಟು ಒಂದು ಬದಿ ಮುಗಿದು ಟಕ್ಕೆಂದಾಗ ಯಾರಿಗೂ ತಿರುಗಿಸಿ ಹಾಕಲು ತೋಚಿರಲಿಲ್ಲ. ಶಿವರಾಮುವಿನ ಮನೆಯಲ್ಲಿ ಸುಡುವುದಿಲ್ಲ. ಅವನ ಅಪ್ಪ, ಅಜ್ಜ, ಹುಟ್ಟಿ ಸತ್ತ ಒಬ್ಬ ತಮ್ಮ, ಎಲ್ಲರೂ ಹೊಲದ ಬದುವಿನಲ್ಲಿ ಹೊಂಗೆಮರದ ಕೆಳಗೆ ಮಲಗಿದ್ದಾರೆ. ಮದುವೆಯಾದ ಮರುದಿನ ಪ್ರಭಾ ಅಲ್ಲಿ ಎಡೆ ಇಟ್ಟು ಕೈಮುಗಿದಿದ್ದಳು. ಅಂದರೆ ಗೊತ್ತಿತ್ತು. ಗೊತ್ತಿದ್ದೂ, ತೋರಿಸಿದ ಕಡೆ ರುಜು ಹಾಕಿದಳು. ಬಾಯಿ ತೆಗೆದರೆ ಅಳು ಬರುತ್ತದೆ ಎಂದಲ್ಲ, ಅಳುವೇನೂ ಇರಲಿಲ್ಲ. ಇಷ್ಟೆಲ್ಲ ಓಡಾಡುತ್ತಿರುವವನಿಗೆ ಬೇಡ ಎನ್ನುವುದು ಹೇಗೆ ಎಂಬ ಸಂಕೋಚ ಅಷ್ಟೇ. ಇದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು. ಸಂಕೋಚಕ್ಕೆ ಗಂಡನನ್ನು ಸುಡಲು ಬಿಟ್ಟವಳು. ಹೂಳುವ ಮನೆಯಲ್ಲಿ ಬೂದಿಗೆ ಶಾಸ್ತ್ರವಿಲ್ಲ, ಹಾಗಾಗಿ ಹಲಗೆಯ ಮೇಲಿಟ್ಟಳು. ರಘೋತ್ತಮನ ಸುಳ್ಳಿನ ಮೇಲೆ ಆ ಡಬ್ಬಿಗೆ ಕೆಳಗಿಳಿಯುವ ದಾರಿಯೇ ಇಲ್ಲದಾಯಿತು.

ಫಾಸ್ಟರ್ ಸಿಟಿಯ ರಘೋತ್ತಮನ ಮನೆಯಲ್ಲಿ ಹಾಲಿನ ಪರದೆಗಳನ್ನೆಲ್ಲ ಎಳೆದಿದ್ದರು. ಮಧ್ಯಾಹ್ನದ ಬಿಸಿಲು ಹಿಂದಿನ ಲಗೂನಿನ ನೀರಿಗೆ ಬಿದ್ದು ಪರದೆಯ ಸಂದಿಯಿಂದ ಛಾವಣಿಯ ಮೇಲೆ ಅಲುಗುತ್ತಿತ್ತು. ಗೋಡೆಗೆ ಬಿಳಿ ಮಗ್ಗುಲುಹಾಸು ಹೊಡೆದು, ಗರಾಜ್ ಸೇಲಿನಲ್ಲಿ ಕೊಂಡ ಹಳೆಯ ಪ್ರೊಜೆಕ್ಟರನ್ನು ಪುಸ್ತಕಗಳ ಮೇಲೆ ಏರಿಸಿ, ರಘೋತ್ತಮ ಸ್ಲೈಡಿನ ಚಕ್ರವನ್ನು ತಿರುಗಿಸಿ ನೋಡುತ್ತಿದ್ದ. ಸೋಫಾ, ನೆಲ, ಊಟದ ಕುರ್ಚಿಗಳ ಮೇಲೆಲ್ಲ ಜನ. ತಾಯಮ್ಮನಿಗೆ ಎದುರಿನ ಸಾಲು. "ಕೋಟು ಕೊಡಿ ಅಮ್ಮ" ಎಂದು ಯಾರೋ ಕೈಚಾಚಿದಾಗ, "ಇರ್ಲಿ, ಬೆಚ್ಚಗೈತೆ" ಎಂದರು.

ಅಡುಗೆಮನೆಯಲ್ಲಿ ಬಿಸಿಬೇಳೆಬಾತಿಗೆ ತುಪ್ಪ ಸುರಿಯುತ್ತ ಮೈಥಿಲಿ ಪ್ರಭಾಳ ಮೊಣಕೈ ಹಿಡಿದು ದನಿ ಇಳಿಸಿದಳು. "ರಘು ಎಲ್ಲಾ ಅರೇಂಜ್ ಮಾಡಿದಾರೆ. ನೀವು ನಗ್ತಾ ಇರೋ ಸ್ಲೈಡೆಲ್ಲ ತೆಗೆದುಬಿಟ್ಟಿದಾರೆ. ಅಮ್ಮನಿಗೆ ಯಾಕೆ ಸುಮ್ನೆ ಬೇಜಾರು. ಒಂದು ಮಾತ್ರ ಇಟ್ಟಿದಾರೆ."

"ಯಾವುದು?"

"ನೀರಲ್ಲಿರೋದು. ನಿಮ್ಮ ಮುಖ ಕಾಣ್ಸಲ್ಲ, ಯೋಚ್ನೆ ಮಾಡ್ಬೇಡಿ. ಅವರಿಗೂ ಒಂದು ಸಮಾಧಾನ ಆಗ್ಬೇಕಲ್ಲ, ಪಾಪ." ಅವಳ ಕಣ್ಣಲ್ಲಿ ನಿಜವಾದ ನೀರಿತ್ತು. ಮೈಥಿಲಿ ಕೆಟ್ಟವಳಲ್ಲ. ಅದೇ ಕಷ್ಟ.

ದೀಪ ಆರಿಸಿದರು. ಮಗ್ಗುಲುಹಾಸಿನ ಮೇಲೆ ಪಿರೇಯಸ್ ಬಂದರು ಮೂಡಿತು, ಆಮೇಲೆ ಬಿಳಿ ಫೆರಿಯ ಹೊಟ್ಟೆ, ಅದರ ಬಾಯೊಳಗೆ ನುಗ್ಗುವ ಲಾರಿಗಳು, ಆಮೇಲೆ ಕಂಬಿಗೆ ಒರಗಿದ ಮೈಥಿಲಿ, ರಘೋತ್ತಮ. ಇವು ಪ್ರಭಾ ತೆಗೆದ ಫೋಟೋಗಳು. ಹಡಗು ಹತ್ತಿದಾಗಿನಿಂದ ಕ್ಯಾಮೆರಾ ಅವಳ ಕೊರಳಲ್ಲಿತ್ತು. ಪ್ರತಿ ದ್ವೀಪದಲ್ಲೂ ಇಳಿಯುವಾಗ ಇಬ್ಬರೂ ಮುಂದೆ, ಅವಳು ಅವರ ಮಗಳ ಕೈಹಿಡಿದು ಹಿಂದೆ. ರೂಮಿನಲ್ಲಿ ಅವಳ ಮಂಚವೂ ಮಗುವಿನ ಪಕ್ಕದಲ್ಲಿ. ಯಾವ ಹೋಟೆಲಿನಲ್ಲೂ ಮೇಜಿಗೆ ನಾಲ್ಕು ಕುರ್ಚಿ ಇರುತ್ತಿತ್ತು, ನಾಲ್ಕನೆಯದರಲ್ಲಿ ಈಗ ಮಗು ಕೂರುತ್ತಿತ್ತು, ಮಗುವಿಗೆ ಬೇರೆ ಟಿಕೆಟ್ಟು ತೆಗೆಯದೆ ಶಿವರಾಮುವಿನದನ್ನೇ ಬದಲಾಯಿಸಿದ್ದು ಅವಳಿಗೆ ಗೊತ್ತಾದದ್ದು ಹಡಗಿನಲ್ಲಿ. "ಪ್ರಭಾ, ನೀವು ಒಳಗೆ ಕೂತ್ಕೊಳ್ಳಿ, ಗಾಳಿ ಜಾಸ್ತಿ" ಎಂದು ಮೈಥಿಲಿ ಗಳಿಗೆಗೊಮ್ಮೆ ಹೇಳುತ್ತಿದ್ದಳು. ಅವಳು ಒಳಗೆ ಕೂತು, ಡೀಸೆಲ್ ವಾಸನೆಯ ನಡುವೆ, ಗಾಜಿನ ಮೇಲೆ ಒಣಗಿದ ಉಪ್ಪನ್ನು ನೋಡುತ್ತಿದ್ದಳು. ದ್ವೀಪಗಳು ಬರುತ್ತಿದ್ದವು, ಸುಣ್ಣ ಬಳಿದ ಮನೆಗಳು ಬೆಟ್ಟ ಹತ್ತುತ್ತಿದ್ದವು, ಸರಪಳಿ ಗರಗರ ಇಳಿಯುತ್ತಿತ್ತು, ಯಾರೋ ಹಗ್ಗ ಎಸೆಯುತ್ತಿದ್ದರು. ಮುಂದಿನ ದ್ವೀಪದಲ್ಲೂ ಅದೇ.

ಗೋಡೆಯ ಮೇಲೆ ಫಕ್ಕನೆ ಬರೀ ಬಿಳಿ ಬೆಳಕು ಬಿತ್ತು. ಸ್ಲೈಡು ತೆಗೆದ ಜಾಗ. ಕತ್ತಲೆಯಲ್ಲಿದ್ದ ಮುಖಗಳೆಲ್ಲ ಬೆಳ್ಳಗಾದವು.

"ಇದೇನ್ರೀ ರಘು, ಗ್ರೀಸಿಂದ ಸೀದಾ ಹಿಮಾಲಯಕ್ಕೆ ಹೋಗಿಬಿಟ್ರಾ?" ಎಂದ ಗುರುಪ್ರಸಾದ, ಯಾವ ಕೂಟದಲ್ಲೂ ಬಾಯಿ ಮುಚ್ಚದವನು. ಎಲ್ಲರೂ ನಕ್ಕರು. ರಘೋತ್ತಮ ಗಡಿಬಿಡಿಯಿಂದ ಗುಂಡಿ ಒತ್ತಿದ. ಆಲಿವ್ ಮರ. ಕತ್ತೆಯ ಮೇಲೆ ಮಗಳು. ಮತ್ತೆ ಬಿಳಿ. "ನೋಡಿ, ಮಂಜು ಇನ್ನೂ ಕರಗಿಲ್ಲ" ಎಂದ ಗುರುಪ್ರಸಾದ. ಮತ್ತೆ ನಗು. ಬಿಳಿಯೊಂದೊಂದೂ ತಾನೇ ಎಂದು ಪ್ರಭಾಳಿಗೆ ಗೊತ್ತಿತ್ತು. ಮೊದಲನೆಯದರಲ್ಲಿ ಹಡಗಿನಲ್ಲಿ ಕಡಲಹಕ್ಕಿಯೊಂದು ಮಗುವಿನ ಕೈಯಿಂದ ಬ್ರೆಡ್ಡು ಕಿತ್ತುಕೊಂಡು ಹೋಗಿತ್ತು, ಅವಳ ತುಟಿ ಸ್ವಲ್ಪ ಅಗಲವಾಗಿತ್ತು. ಅಷ್ಟೇ. ಅಷ್ಟಕ್ಕೂ ಕ್ಯಾಮೆರಾ ಕಸಿದು ತೆಗೆದಿದ್ದರು. ನಕ್ಕಾಗ ತೆಗೆದವರೂ ಅವರೇ, ಈಗ ತೆಗೆದವರೂ ಅವರೇ.

ತಾಯಮ್ಮ ನಗಲಿಲ್ಲ. ಬಿಳಿ ಬೆಳಕು ಬಿದ್ದಾಗಲೂ ಆಲಿವ್ ಮರವನ್ನು ನೋಡಿದಷ್ಟೇ ಗಮನವಿಟ್ಟು ಅದನ್ನೇ ನೋಡುತ್ತಿದ್ದರು.

ಆಮೇಲೆ ಅದು ಬಂತು. ಹಸಿರೆನ್ನಲಾಗದ, ನೀಲಿಯೆನ್ನಲಾಗದ ನೀರು. ನಡುವೆ ಬೋರಲು ಮಲಗಿದ ಒಂದು ಮೈ. ಕೂದಲು ನೀರಿನಲ್ಲಿ ಹರಡಿದೆ. ತಲೆಯ ಪಕ್ಕದಿಂದ ಉಸಿರಾಟದ ಕೊಳವೆಯ ಕಿತ್ತಳೆ ಬಣ್ಣದ ತುದಿ ಮೇಲೆದ್ದಿದೆ. ಗಾಳಿ ತುಂಬಿ ಬೆನ್ನ ಮೇಲೆ ಉಬ್ಬಿಕೊಂಡ ನೀಲಿ ಅಂಗಿ. ಈಜುಡುಗೆಯ ಮೇಲೆ ಅವಳು ಶಿವರಾಮುವಿನ ಅಂಗಿ ಹಾಕಿಕೊಂಡಿದ್ದಳು.

ಆ ದಿನ ದೋಣಿಯವನು ಅವಳ ಮುಖಕ್ಕೆ ಗಾಜು ಕಟ್ಟಿ, ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದನ್ನು ತೋರಿಸಿ, ಹಿಂದಿನಿಂದ ಮೆಲ್ಲಗೆ ತಳ್ಳಿದ್ದ. ಮೈಸೂರಿನ ಯೂನಿವರ್ಸಿಟಿ ಕೊಳದಲ್ಲಿ ಕಲಿತ ಈಜು ಕೈಕಾಲಿಗೆ ನೆನಪಿತ್ತು. ಮುಖ ಒಳಗೆ ಹೋದದ್ದೇ ತಡ, ಮೇಲಿನವರ ದನಿ, ಪಾಪ ಎನ್ನುವ ಅವರ ನೋಟ, ಎಲ್ಲ ಕತ್ತರಿಸಿಹೋಯಿತು. ತನ್ನ ಉಸಿರಿನ ಸದ್ದು ಮಾತ್ರ, ಪಕ್ಕದಲ್ಲಿ ಯಾರೋ ದೊಡ್ಡ ಪ್ರಾಣಿ ನಿದ್ದೆ ಮಾಡುತ್ತಿರುವಂತೆ. ಕೆಳಗೆ ಬಿಸಿಲು ಬಲೆಬಲೆಯಾಗಿ ಮರಳಿನ ಮೇಲೆ ಹರಿಯುತ್ತಿತ್ತು. ಪಟ್ಟೆಯ ಮೀನುಗಳು ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹಾದುಹೋದವು. ಆಮೇಲೆ ಕಲ್ಲು ಎಂದುಕೊಂಡದ್ದು ಕಣ್ಣು ಬಿಟ್ಟಿತು. ಒಂದು ಆಕ್ಟೋಪಸ್. ಅವಳನ್ನು ನೋಡಿ, ತೀರಾ ಅವಮಾನವಾದ ಹೆಂಗಸಿನ ಹಾಗೆ ಬಣ್ಣ ಬದಲಿಸಿ, ತನ್ನ ಕೈಗಳನ್ನೆಲ್ಲ ಒಂದೊಂದಾಗಿ ಬಾಚಿಕೊಂಡು, ಬೆರಳು ತೂರದ ಬಿರುಕೊಳಗೆ ಇಡೀ ಮೈಯನ್ನು ಸುರಿದುಕೊಂಡಿತು. ಕೊನೆಯ ಒಂದು ಕೈ ಮಾತ್ರ ಹೊರಗುಳಿದು, ಹೋಗು ಹೋಗು ಎಂದಿತು. ಪ್ರಭಾಳಿಗೆ ನಗು ಬಂತು. ಕೊಳವೆಯೊಳಗೆ ನಕ್ಕರೆ ಆನೆ ಘೀಳಿಟ್ಟಂತೆ ಕೇಳಿಸುತ್ತದೆ, ಅದಕ್ಕೆ ಇನ್ನೂ ನಗು, ಉಪ್ಪುನೀರು ಗಂಟಲಿಗಿಳಿದು, ಮೇಲೆದ್ದು ಕೆಮ್ಮುತ್ತ ನಗುತ್ತ ಮಗುವಿಗೆ ಕೈಬೀಸಿ ಕರೆದಳು. ದೋಣಿ ಹತ್ತಿ ಟವೆಲು ಹೊದ್ದ ಮೇಲೆ ತಿಳಿಯಿತು, ಅಷ್ಟು ಹೊತ್ತೂ ಅವಳಿಗೆ ಶಿವರಾಮು ನೆನಪಾಗಿರಲಿಲ್ಲ. ಸತ್ತವನಾಗಿಯೂ ಇಲ್ಲ, ಬದುಕಿದ್ದವನಾಗಿಯೂ ಇಲ್ಲ. ಅವನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಸದ್ಯ, ನಕ್ಕರಲ್ಲ ನೀವು!" ಎಂದು ಮೈಥಿಲಿ ತಟ್ಟೆ ಖಾಲಿ ಮಾಡಿದ ಮಗುವಿನ ಬೆನ್ನು ತಟ್ಟುವಂತೆ ತಟ್ಟಿದಳು. ಮರುದಿನ ಫೆರಿಯಲ್ಲಿ, ಅವಳು ಬೆಂಚಿನ ಹಿಂದೆ ಬಂದದ್ದು ತಿಳಿಯದೆ, ಅದೇ ಮೈಥಿಲಿ ಗಂಡನಿಗೆ ಹೇಳುತ್ತಿದ್ದಳು: "ನಾನಾಗಿದ್ರೆ ಇಷ್ಟು ಬೇಗ ನಗೋಕಾಗ್ತಿರ್ಲಿಲ್ಲಪ್ಪ." ಪ್ರಭಾ ಒಳಗೆ ಹೋಗಿ ಉಪ್ಪು ಹಿಡಿದ ಗಾಜಿನ ಪಕ್ಕ ಕೂತಳು. ಆದರೂ ಆ ನೀರು ಅವಳದಾಗಿ ಉಳಿದಿತ್ತು. ಲ್ಯಾಬಿನಲ್ಲಿ ಕೊಳವೆಗಳನ್ನು ತೊಳೆಯುತ್ತ ನಿಂತಾಗ, ಯಾರಿಗೂ ಹೇಳದೆ, ಆಗಾಗ ಆ ಬಿರುಕಿನ ಹತ್ತಿರಕ್ಕೆ ಹೋಗಿಬರುತ್ತಿದ್ದಳು.

"ಅಮ್ಮ," ಎಂದ ರಘೋತ್ತಮ, ದೇವಸ್ಥಾನದಲ್ಲಿ ಮಾತಾಡುವ ದನಿಯಲ್ಲಿ. "ಇದೇ ಆ ಜಾಗ. ಶಿವುನ ಬಿಟ್ಟಿದ್ದು ಇಲ್ಲೇ. ಪ್ರಭಾ ತಾವೇ ನೀರಿಗಿಳಿದು ಬಿಟ್ರು."

ಪ್ರೊಜೆಕ್ಟರಿನ ಫ್ಯಾನು ಮಾತ್ರ ತಿರುಗುತ್ತಿತ್ತು. ತಾಯಮ್ಮ ಎದ್ದು ಗೋಡೆಯ ಹತ್ತಿರ ಹೋದರು. ಅವರ ನೆರಳು ನೀರಿನ ಅರ್ಧವನ್ನು ನುಂಗಿತು. ಉಳಿದರ್ಧ ಅವರ ಬೆನ್ನ ಮೇಲೆ, ಮಗನ ಕೋಟಿನ ಮೇಲೆ ಹಸಿರಾಗಿ ಬಿತ್ತು. ಕೈಯನ್ನು ತೋಳಿನಿಂದ ಹೊರಗೆಳೆದು ಮಗ್ಗುಲುಹಾಸನ್ನು ಮುಟ್ಟಿದರು. "ಇದು ಅವನ ಅಂಗಿ ಅಲ್ವಾ?" ಎಂದು ಯಾರನ್ನೂ ನೋಡದೆ ಕೇಳಿ, ಬೆರಳನ್ನು ಕಣ್ಣಿಗೊತ್ತಿಕೊಂಡರು. ಕೈ ಮುಗಿದರು. ಹಿಂದೆ ಯಾರೋ ಮೂಗು ಒರೆಸಿಕೊಂಡ ಸದ್ದು.

ಅಷ್ಟರಲ್ಲಿ ನೆಲದ ಮೇಲೆ ಕೂತಿದ್ದ ರಘೋತ್ತಮನ ಮಗಳು ಮಂಡಿಯೂರಿ ಎದ್ದು ಕೂಗಿದಳು. "ದಟ್ಸ್ ದಿ ಆಕ್ಟೋಪಸ್ ಒನ್! ಆಂಟಿ ವಾಸ್ ಲಾಫಿಂಗ್ ಸೋ ಹಾರ್ಡ್, ಷಿ ಸ್ವಾಲೋಡ್ ದಿ ಸೀ!" ಎರಡು ಕೈಯನ್ನೂ ಬಾಯಿಗೆ ಕೊಳವೆಯಾಗಿ ಹಿಡಿದು ಘೀಳಿಟ್ಟು, ತಾನೇ ನಕ್ಕು ಕಾರ್ಪೆಟ್ಟಿನ ಮೇಲೆ ಉರುಳಿದಳು.

ತಾಯಮ್ಮ ತಿರುಗಿದರು. "ಏನಂತೆ ಮಗ?"

"ಆಂಟಿ ನೀರಲ್ಲಿ ತುಂಬಾ ಅತ್ಕೊಂಡ್ರು ಅಂತಿದಾಳೆ ಅಮ್ಮ" ಎಂದಳು ಮೈಥಿಲಿ.

"ನೋ ಮಾಮ್, ಐ ಸೆಡ್..."

"ಪುಟ್ಟಿ, ಗೋ ಟು ಯುವರ್ ರೂಮ್."

ಸಮುದ್ರ ಮುಖದ ಮೇಲೆ ಬೀಳುತ್ತಿದ್ದುದರಿಂದ ತಾಯಮ್ಮ ಕಣ್ಣು ಕಿರಿದುಮಾಡಿ, ಕತ್ತಲೆಯಲ್ಲಿ ಸೊಸೆ ಎಲ್ಲಿದ್ದಾಳೆಂದು ಹುಡುಕಿದರು. "ಹೌದೇನವ್ವ? ನೀನ್ ಅತ್ತಿದ್ಯಾ?"

ಎಲ್ಲರೂ ಅವಳತ್ತ ನೋಡಿದರು. ಒಂದು ಮಾತು ಸಾಕಿತ್ತು. ಇಲ್ಲ ಎಂದರೆ ಡಬ್ಬಿ ಹಲಗೆಯಿಂದ ಇಳಿಯುತ್ತಿತ್ತು, ಆ ನೀರು ಅವಳದಾಗಿಯೇ ಇರುತ್ತಿತ್ತು. ಪ್ರೊಜೆಕ್ಟರಿನ ಹಿಂದೆ ರಘೋತ್ತಮನ ಮುಖ, ಪರೀಕ್ಷೆಯ ಫಲಿತಾಂಶಕ್ಕೆ ಕಾದವನಂತೆ. ಇಷ್ಟೆಲ್ಲ ಮಾಡಿದವನು. ಹಾಲು ತಂದುಕೊಟ್ಟವನು, ಕಾರು ರಿಪೇರಿ ಮಾಡಿಸಿದವನು.

"ಹೂಂ ಅತ್ತೆ" ಎಂದಳು.

ಹೊರಡುವಾಗ ರಘೋತ್ತಮ ಒಂದು ಕವರು ತಂದು ತಾಯಮ್ಮನ ಕೈಗಿಟ್ಟ. ಆ ಸ್ಲೈಡಿನ ದೊಡ್ಡ ಪ್ರಿಂಟು, ಮೊದಲೇ ಹಾಕಿಸಿಟ್ಟಿದ್ದ. "ಊರಲ್ಲಿ ದೇವರ ಹತ್ರ ಇಟ್ಕೊಳ್ಳಿ ಅಮ್ಮ." ಮೈಥಿಲಿ ಬಾತು, ಕ್ಯಾರೆಟ್ ಹಲ್ವಾ ಡಬ್ಬಿಗೆ ಹಾಕಿ ಕೊಟ್ಟಳು.

ಫ್ರೀವೇಯಲ್ಲಿ ಕಾರುಗಳು ಒಂದೊಂದಾಗಿ ದೀಪ ಹಾಕಿಕೊಳ್ಳುತ್ತಿದ್ದವು. ಬಲಗಡೆ ಕೊಲ್ಲಿಯ ನೀರು ಸೀಸದ ಬಣ್ಣಕ್ಕೆ ತಿರುಗಿತ್ತು. ತಾಯಮ್ಮ ಕವರನ್ನು ತೊಡೆಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡಿದ್ದರು.

"ಆ ಮಗ ನಗ್ತಾ ನಗ್ತಾ ಹೇಳ್ತು" ಎಂದರು. "ಯಾರಾರಾ ಅತ್ತಿದ್ದನ್ನ ಅಂಗೆ ಹೇಳ್ತಾರಾ?"

ಪ್ರಭಾ ಮುಂದಿನ ಕಾರಿನ ಕೆಂಪು ದೀಪಗಳನ್ನೇ ನೋಡುತ್ತ ಓಡಿಸಿದಳು.

"ಏನ್ ನೋಡಿ ನಕ್ಕೆ?"

"ಒಂದು ಪ್ರಾಣಿ ಅತ್ತೆ. ಎಂಟು ಕೈ ಇರತ್ತೆ. ಕಲ್ಲಿನ ಸಂದಿಯೊಳಗೆ ತೂರ್ಕೊಂಡು ಹೋಯ್ತು."

"ಏಡಿಯಂತದ್ದಾ?"

"ಅಲ್ಲ. ಅದಕ್ಕೆ ಮೂಳೆ ಇರಲ್ಲ."

ತಾಯಮ್ಮ ತಲೆಯಾಡಿಸಿದರು. ಒಂದು ವಿಮಾನ ಕಾರಿನ ಮೇಲೇ ಇಳಿಯುವಂತೆ ತಗ್ಗಿ ಹೋಯಿತು. ಆ ಜಾಗ ಬಂತು, ಹಿಂದಾಯಿತು.

"ಬಂದ ಹೊಸದ್ರಲ್ಲಿ ಚಳಿ ಅಂತ ಕಂಬಳಿ ಎಳೆಯಕ್ಕೆ ಹೋದೆ" ಎಂದರು. "ಹಿಂದುಗಡೆ ಏನೋ ಭಾರವಾಗಿತ್ತು. ಇಳಿಸ್ಕೊಂಡೆ. ಇಂಗ್ಲೀಸು ನಂಗೆಲ್ಲಿ ಬತ್ತದೆ? ಕೈಗೆ ತಗೊಂಡ್ಮೇಲೆ ತಿಳೀತು. ಹುಟ್ಟಿದಾಗ ಅಷ್ಟೇ ಇದ್ದ."

ಹಿಂದಿನ ಕಾರು ಹಾರನ್ ಹೊಡೆಯಿತು. ಪ್ರಭಾ ತುಂಬ ನಿಧಾನವಾಗಿ ಓಡಿಸುತ್ತಿದ್ದಳು. "ಗೊತ್ತಿದ್ದೂ ಅಲ್ಲಿ ಕೈ ಮುಗಿದ್ರಲ್ಲ ಅತ್ತೆ."

"ಅಷ್ಟು ಜನದ ಮುಂದೆ ಇನ್ನೇನ್ ಮಾಡ್ಲಿ? ಆದ್ರೆ ಕೇಳಿದ್ನಲ್ಲ ನಿನ್ನ, ಬಾಯಿ ಬಿಟ್ಟು ಕೇಳ್ದೆ. ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಕಾಯ್ದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಹೂಂ ಅಂದ್ಬುಟ್ಟೆ."

ಗರಾಜಿನಲ್ಲಿ ಎಂಜಿನ್ ಆರಿಸಿದ ಮೇಲೆ ತಾಯಮ್ಮ ಕವರನ್ನು ಎತ್ತಿ ಪ್ರಭಾಳ ತೊಡೆಯ ಮೇಲೆ ಇಟ್ಟರು. "ಇದು ನೀನಿಟ್ಕೊ. ನಕ್ಕಿದ್ದು ನೀನಲ್ವಾ. ಅವನ್ನ ತಗೊಂಡೋಗಿ ಅವರಪ್ಪನ ಪಕ್ಕ ಮಣ್ಣಿಗೆ ಮಡಗ್ತೀನಿ."

ಅವನು ನನಗೂ ಬೇಕು ಎನ್ನಬೇಕೆನಿಸಿತು. ಬೇಕೇ ಎಂದು ತನ್ನನ್ನೇ ಕೇಳಿಕೊಂಡಳು. ಅಷ್ಟರಲ್ಲಿ ಅತ್ತೆ ಬೆಲ್ಟಿನ ಗುಂಡಿ ಹುಡುಕುತ್ತಿದ್ದರು, ಅವಳೇ ಬಾಗಿ ಬಿಚ್ಚಿದಳು.

ಬಾಗಿಲು ತೆಗೆದು ಒಳಗೆ ಬಂದಾಗ ತಾಯಮ್ಮ ಎಂದಿನಂತೆ ಬೆನ್ನು ತಿರುಗಿಸಿ ನಿಂತರು. ಪ್ರಭಾ ಕೋಟು ಇಳಿಸಿಕೊಂಡಳು. ಅವರು ಅಡುಗೆಮನೆಗೆ ಹೋಗಿ ದೀಪ ಹಾಕಿ, ಬಾತಿನ ಡಬ್ಬಿ ತೆಗೆದು ಮೂಸಿ, "ಇಷ್ಟು ತುಪ್ಪ ಸುರಿದವ್ರೆ, ಹೆಂಗ್ ತಿಂತಾರೋ" ಎಂದರು. ಪ್ರಭಾ ಕ್ಲಾಸೆಟ್ಟು ತೆರೆದು ಕೋಟನ್ನು ಕೊಕ್ಕೆಗೆ ಹಾಕಿದಳು. ಆಮೇಲೆ ಮೊದಲ ಸಲ ಕತ್ತೆತ್ತಿ ನೋಡಿದಳು. ಕಂಬಳಿಗಳನ್ನು ಯಾರೋ ಅಚ್ಚುಕಟ್ಟಾಗಿ ಮತ್ತೆ ಮಡಿಸಿ ಒಂದು ಪಕ್ಕಕ್ಕೆ ಒತ್ತರಿಸಿದ್ದರು. ಅವುಗಳ ಹಿಂದೆ ಏನೂ ಇರಲಿಲ್ಲ. ಡಬ್ಬಿ ಕೂತಿದ್ದ ಚೌಕದ ಮೇಲೂ ಸುತ್ತಲಿನಷ್ಟೇ ಧೂಳು ಕೂತಿತ್ತು. ಕೆಳಗೆ, ಕೋಣೆಯ ಮೂಲೆಯಲ್ಲಿ, ಅತ್ತೆಯ ಸೂಟ್‌ಕೇಸು ಹಗ್ಗ ಬಿಗಿದುಕೊಂಡು ನಿಂತಿತ್ತು. ಎಷ್ಟು ದಿನಗಳಿಂದ ತಾನು ಬರೀ ಹಲಗೆಗೆ ಕಣ್ಣು ತಪ್ಪಿಸುತ್ತಿದ್ದೆ ಎಂಬುದು ಅವಳಿಗೆ ತಿಳಿಯಲಿಲ್ಲ. ಕವರು ಇನ್ನೂ ಕೈಯಲ್ಲಿತ್ತು. ಇಡಲು ಜಾಗ ಹುಡುಕಿ, ಕೊನೆಗೆ ಅದನ್ನು ಎತ್ತಿ, ಕಂಬಳಿಗಳ ಹಿಂದೆ ಇಟ್ಟಳು.